ಉಳಿಯನ್ನೇ ಹಿಡಿಯದ ಮರದಚ್ಚು ಕಲಾವಿದ: ಕವಾಸೆ ಹಸುಯಿ ಬಗ್ಗೆ ಮಾತಾಡೋಣ ಬನ್ನಿ

ತಾಮಾಗಾವ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಟೋಕಿಯೊದ ಓತಾ ವಾರ್ಡಿನಲ್ಲಿ ಇದ್ದೇನೆ. ಸಾಫ್ಟ್‌ವೇರ್ ಕೆಲಸ, ಚಿತ್ರಕಲೆಯ ಗಂಧಗಾಳಿ ಇಲ್ಲ. ಹೋದ ಭಾನುವಾರ ಜೋರು ಮಳೆ. ಎಲ್ಲೂ ಹೋಗೋಕೆ ಆಗದೆ ಮನೆ ಹತ್ತಿರದ ವಾರ್ಡಿನ ಮ್ಯೂಸಿಯಮ್ಮಿಗೆ ಸುಮ್ನೆ ನುಗ್ಗಿದೆ. ಅಲ್ಲಿ ಒಂದು ಚಿತ್ರದ ಮುಂದೆ ಕಾಲು ನಿಂತುಬಿಟ್ಟಿತು.

ಕಡುನೀಲಿ ರಾತ್ರಿ. ಎತ್ತರದ ಪೈನ್ ಮರಗಳು, ಅವುಗಳ ಹಿಂದೆ ದೊಡ್ಡ ಹುಣ್ಣಿಮೆ ಚಂದ್ರ. ಕೆಳಗೆ ಒಂದು ಹಳ್ಳಿಮನೆ, ಅದರ ಕಿಟಕಿಯಲ್ಲಿ ಚೂರು ಹಳದಿ ಬೆಳಕು. ಹೆಸರು ‘ಮಾಗೊಮೆಯ ಚಂದ್ರ’, 1930. ಮಾಗೊಮೆ ಅಂದರೆ ನಾನು ವಾರಕ್ಕೊಮ್ಮೆ ತರಕಾರಿಗೆ ಹೋಗುವ ಜಾಗ! ಈಗ ಅಲ್ಲಿ ಬರೀ ಅಪಾರ್ಟ್‌ಮೆಂಟು, ವಿದ್ಯುತ್ ತಂತಿ.

ಚಿತ್ರ ಕವಾಸೆ ಹಸುಯಿ ಅವರದು. ಮರದ ಹಲಗೆಯಲ್ಲಿ ಕೊರೆದು, ಕೈಯಿಂದಲೇ ಕಾಗದಕ್ಕೆ ಅಚ್ಚೊತ್ತಿದ್ದು. ಬಂದವನೇ ಒಂದು ವಾರ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1883ರಲ್ಲಿ ಟೋಕಿಯೊದ ಶಿಬಾದಲ್ಲಿ ಹುಟ್ಟಿದವರು. ನಿಜ ಹೆಸರು ಬುಂಜಿರೊ. ಮನೆಯಲ್ಲಿ ರೇಷ್ಮೆ ಹೆಣಿಗೆ ಹುರಿಯ ವ್ಯಾಪಾರ. ಮಗ ಅಂಗಡಿ ನೋಡಿಕೊಳ್ಳಲಿ ಅಂತ ಅಪ್ಪನ ಆಸೆ, ಮಗನಿಗೆ ಬರೀ ಚಿತ್ರದ ಹುಚ್ಚು. ಕೊನೆಗೆ ತಂಗಿ, ತಂಗಿ ಗಂಡ ಅಂಗಡಿ ವಹಿಸಿಕೊಂಡ ಮೇಲೆ ಇವರಿಗೆ ಬಿಡುಗಡೆ. ಕಬುರಾಕಿ ಕಿಯೊಕಾತಾ ಅನ್ನುವ ದೊಡ್ಡ ಚಿತ್ರಕಾರರ ಹತ್ತಿರ ಹೋಗಿ ಶಿಷ್ಯನಾಗುತ್ತೇನೆ ಅಂದರೆ, ‘ವಯಸ್ಸಾಯಿತಲ್ಲಪ್ಪ, ಪಾಶ್ಚಾತ್ಯ ಶೈಲಿ ಕಲಿ ಹೋಗು’ ಅನ್ನುವ ಅರ್ಥದಲ್ಲಿ ವಾಪಸ್ ಕಳಿಸಿದರಂತೆ. ಅದನ್ನೂ ಕಲಿತು, ಎರಡು ವರ್ಷ ಬಿಟ್ಟು, 27ನೇ ವಯಸ್ಸಿಗೆ ಮತ್ತೆ ಅದೇ ಬಾಗಿಲು ತಟ್ಟಿದರು. ಈ ಸಲ ಒಳಗೆ ಬಿಟ್ಟುಕೊಂಡರು. ‘ಹಸುಯಿ’ ಅನ್ನುವ ಹೆಸರು ಆ ಗುರುವೇ ಇಟ್ಟಿದ್ದು.

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ತಲೆ ತಿನ್ನುತ್ತಿದೆ. ಈ ಮನುಷ್ಯ 600ಕ್ಕೂ ಜಾಸ್ತಿ ಮರದಚ್ಚು ಚಿತ್ರ ಮಾಡಿದ್ದಾರೆ. ಆದರೆ ಅವನ್ನು ಅವರು ಕೊರೆದೂ ಇಲ್ಲ, ಒತ್ತಿಯೂ ಇಲ್ಲ. ಬಿಡಿಸಿ ಕೊಟ್ಟರು, ಕೊರೆದವರು ಒಬ್ಬರು, ಅಚ್ಚೊತ್ತಿದವರು ಇನ್ನೊಬ್ಬರು. ಹಾಗಾದರೆ ನಾನು ನಿಂತು ನೋಡಿದ ಆ ನೀಲಿ ಯಾರದು?

ಒಗ್ಗರಣೆ_ಡಬ್ಬಿ

ಶೀರ್ಷಿಕೆ ನೋಡಿ ಯಾವುದೋ ಹಸು ಬಗ್ಗೆ ಅಂತ ಬಂದೆ ಗುರು. ಬಂದಿದ್ದಕ್ಕೆ ಬೇಜಾರಿಲ್ಲ, ಮುಂದುವರಿಸಿ.

ಕುಂಚದಹುಡುಗಿ

ಈ ಪ್ರಶ್ನೆ ಜಪಾನಿನಲ್ಲೇ ನೂರು ವರ್ಷದ ಹಿಂದೆ ಜಗಳವಾಗಿದೆ. ಒಂದು ಕಡೆ ಶಿನ್-ಹಂಗಾ, ಅಂದರೆ ‘ಹೊಸ ಅಚ್ಚುಚಿತ್ರ’. ಹೆಸರು ಹೊಸದು, ಪದ್ಧತಿ ಹಳೇದು: ಚಿತ್ರಕಾರ, ಕೊರೆಯುವವನು, ಒತ್ತುವವನು, ಇವರನ್ನೆಲ್ಲ ಕೂಡಿಸಿ ದುಡ್ಡು ಹಾಕುವ ಪ್ರಕಾಶಕ. ಹಳೇ ಮರದಚ್ಚು ಚಿತ್ರಕಾರ ಹೊಕುಸಾಯಿ ಕಾಲದಿಂದಲೂ ಹೀಗೇ. ಇನ್ನೊಂದು ಕಡೆ ಸೊಸಾಕು-ಹಂಗಾ. ಅವರ ವಾದ ಸರಳ: ನೀನೇ ಬಿಡಿಸು, ನೀನೇ ಕೊರೆ, ನೀನೇ ಒತ್ತು. ಯಮಮೊತೊ ಕನಾಯೆ 1904ರಲ್ಲಿ ಮಾಡಿದ ‘ಮೀನುಗಾರ’ ಚಿತ್ರದಿಂದ ಇದು ಶುರು ಅಂತಾರೆ.

ನಾನಂತೂ ಎರಡನೇ ಗುಂಪಿನವಳು. ಕಾಲೇಜಿನಲ್ಲಿ ನಾವು ಪ್ಲೈವುಡ್ ಕೊರೆದು ಕೈ ಕುಯ್ದುಕೊಂಡವರು. ಮರದ ಹತ್ತಿರ ಹೋಗದೆ ಮರದಚ್ಚು ಕಲಾವಿದ ಅನಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಸುಯಿ ಚೆನ್ನಾಗಿ ಜಲವರ್ಣ ಮಾಡುತ್ತಿದ್ದ ಮನುಷ್ಯ, ಅಷ್ಟೇ. ಉಳಿದದ್ದು ಕೆಲಸಗಾರರ ಕೈಚಳಕ.

ಪಡಿಯಚ್ಚು

ಕುಂಚದಹುಡುಗಿ ಅವರೇ, ನಾನು 31 ವರ್ಷ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನು. ಅಚ್ಚುಮೊಳೆ ಜೋಡಿಸುವುದರಿಂದ ಶುರು ಮಾಡಿ ಬಣ್ಣದ ಮೆಷಿನ್ನಿನವರೆಗೆ. ಮದುವೆ ಕಾರ್ಡಿನಲ್ಲಿ ಗಣಪತಿಗೆ ಎರಡು ಬಣ್ಣ ಹಾಕಬೇಕಾದರೆ ಕೆಂಪು ಒಂದು ಕಡೆ, ಹಳದಿ ಒಂದು ಕಡೆ ಜಾರುತ್ತಿತ್ತು. ‘ರಿಜಿಸ್ಟರ್ ಔಟ್’ ಅಂತ ಬೈಸಿಕೊಂಡಿದ್ದು ಎಷ್ಟು ಸಲವೋ. ಹಾಗಾಗಿ ಜಪಾನಿನವರು 20–30 ಸಲ ಒಂದೇ ಕಾಗದವನ್ನು ಬೇರೆ ಬೇರೆ ಹಲಗೆ ಮೇಲೆ ಇಟ್ಟು ಒತ್ತುತ್ತಾರೆ ಅಂದಾಗ ಮೊದಲು ನಂಬಲಿಲ್ಲ. ಆಮೇಲೆ ಅದು ಹೇಗೆ ಅಂತ ಹುಡುಕಿ ತಿಳಿದುಕೊಂಡೆ.

ಮೊದಲು ಚಿತ್ರಕಾರನ ಗೆರೆಚಿತ್ರವನ್ನು ತೆಳು ಕಾಗದದಲ್ಲಿ ತೆಗೆದು, ಹಲಗೆಗೆ ಮಗುಚಿ ಅಂಟಿಸುತ್ತಾರೆ. ಹಲಗೆ ಕಾಡು ಚೆರ್ರಿ ಮರದ್ದು, ಗಟ್ಟಿ, ನವಿರು. ಕಾಗದದ ಮೇಲೆಯೇ ಕೊರೆದುಬಿಡುತ್ತಾರೆ. ಅಂದರೆ ಮೂಲ ಗೆರೆಚಿತ್ರ ಅಲ್ಲೇ ಸತ್ತುಹೋಯಿತು! ಆ ಗೆರೆ ಹಲಗೆಯಿಂದ ಕಪ್ಪು ಪ್ರತಿಗಳನ್ನು ತೆಗೆದು ಚಿತ್ರಕಾರನಿಗೆ ವಾಪಸ್ ಕೊಡುತ್ತಾರೆ. ಅವನು ಒಂದೊಂದು ಪ್ರತಿಯಲ್ಲಿ ಒಂದೊಂದು ಬಣ್ಣದ ಜಾಗ ಗುರುತು ಮಾಡಬೇಕು. ಆಮೇಲೆ ಬಣ್ಣಕ್ಕೊಂದು ಹಲಗೆ.

ಈಗ ಗುಟ್ಟಿನ ವಿಷಯ. ಪ್ರತಿ ಹಲಗೆಯ ಬಲ ಮೂಲೆಯಲ್ಲಿ ಕಾಗದದ ಮೂಲೆ ಕೂರುವ ಹಾಗೆ ಒಂದು ಕಚ್ಚು, ಅದರ ಎಡಕ್ಕೆ ಅದೇ ಅಂಚಿನಲ್ಲಿ ಒಂದು ನೇರ ಕಚ್ಚು. ಇವಕ್ಕೆ ಕೆಂತೊ ಅಂತ ಹೆಸರು. ಕಾಗದ ಆ ಎರಡು ಕಚ್ಚಿಗೆ ಸರಿಯಾಗಿ ಕೂತರೆ ಬಣ್ಣ ಜಾರುವುದಿಲ್ಲ. ಮೆಷಿನ್ ಇಲ್ಲ, ಕನ್ನಡಕದ ಹಿಂದೆ ಎರಡು ಕಣ್ಣು, ಎರಡು ಹೆಬ್ಬೆರಳು, ಅಷ್ಟೇ. ಕಾಗದ ಮೊದಲಿಂದ ಕೊನೆವರೆಗೂ ಒದ್ದೆ ಇರಬೇಕು. ನಡುವೆ ಒಣಗಿತೋ, ಕುಗ್ಗಿ ಎಲ್ಲ ಬಣ್ಣವೂ ಹಾಳು. ನಮ್ಮ ಮೆಷಿನ್ನಿಗೆ ನಾಚಿಕೆಯಾಗಬೇಕು.

ಮಲೆನಾಡ_ಮಳೆ

ಸರ್, ಅಚ್ಚೊತ್ತುವುದಕ್ಕೆ ಏನು ಬಳಸುತ್ತಾರೆ? ಪ್ರೆಸ್ ಇಲ್ಲ ಅಂದ್ರಲ್ಲ.

ಪಡಿಯಚ್ಚು

ಬಾರೆನ್ ಅಂತ. ಅಂಗೈಯಗಲದ ದುಂಡು ಬಿಲ್ಲೆ. ಒಳಗೆ ಬಿದಿರಿನ ಸಿಪ್ಪೆಯನ್ನು ಸೀಳಿ ಹೊಸೆದ ಹುರಿಯನ್ನು ಸುರುಳಿ ಸುತ್ತಿರುತ್ತಾರೆ, ಮೇಲೆ ಬಿದಿರಿನ ಪೊರೆ ಎಳೆದು ಹಿಂದೆ ಗಂಟು. ಹಲಗೆಗೆ ಬ್ರಷ್ಷಿನಿಂದ ಬಣ್ಣ, ಒಂಚೂರು ಅಕ್ಕಿ ಗಂಜಿ ಅಂಟು. ಮೇಲೆ ಕಾಗದ. ಬೆನ್ನಿನ ಕಡೆಯಿಂದ ಬಾರೆನ್ ಹಾಕಿ ಉಜ್ಜುವುದು. ಭುಜದ ಕೆಲಸ ಅದು, ಬೆರಳಿನದಲ್ಲ.

ತಾಮಾಗಾವ_ದಂಡೆ

> ಅಕ್ಕಿ ಗಂಜಿ ಅಂಟು

ನಮ್ಮಜ್ಜಿ ಗಾಳಿಪಟಕ್ಕೆ ಅನ್ನ ಮೆತ್ತುತ್ತಿದ್ದುದು ನೆನಪಾಯಿತು!

ಕುಂಚದಹುಡುಗಿ

ಪಡಿಯಚ್ಚು ಸರ್, ನೀವು ಹೇಳಿದ್ದೆಲ್ಲ ನನ್ನ ವಾದಕ್ಕೇ ಬಲ ಕೊಟ್ಟಿತು ಅಲ್ವಾ? ಕಷ್ಟದ ಕೆಲಸವೆಲ್ಲ ಕೊರೆಯುವವನದು, ಒತ್ತುವವನದು. ಹೆಸರು ಮಾತ್ರ ಹಸುಯಿದು. ಹೋಲಿಸಿ ನೋಡಬೇಕಾದರೆ ಯೊಶಿದಾ ಹಿರೋಶಿಯನ್ನು ನೋಡಿ. ಅವರೂ ಮೊದಲು ಹಸುಯಿಯ ಪ್ರಕಾಶಕನ ಹತ್ತಿರವೇ ಮಾಡಿಸಿದವರು. ಆಮೇಲೆ 1925ರಲ್ಲಿ ಸ್ವಂತ ಕಾರ್ಖಾನೆ ಹಾಕಿಕೊಂಡರು. ಕೊರೆಯುವವರನ್ನು, ಒತ್ತುವವರನ್ನು ಸಂಬಳಕ್ಕೆ ಇಟ್ಟುಕೊಂಡು, ಪಕ್ಕದಲ್ಲೇ ನಿಂತು, ಬೇಕಾದಾಗ ತಾವೇ ಉಳಿ ಹಿಡಿದು ಮಾಡಿಸುತ್ತಿದ್ದರು. ತಾನೇ ನಿಂತು ಒತ್ತಿಸಿದ ಪ್ರತಿಗೆ ಅಂಚಿನಲ್ಲಿ ‘ಜಿಜುರಿ’, ಅಂದರೆ ‘ಸ್ವತಃ ಒತ್ತಿದ್ದು’, ಅನ್ನುವ ಮುದ್ರೆ. ನಿಕ್ಕೊದ ಯೋಮೆಯಿಮೊನ್ ಬಾಗಿಲಿನ ಚಿತ್ರವನ್ನು 96 ಸಲ ಒತ್ತಿಸಿದ್ದಾರೆ. ತೊಂಬತ್ತಾರು!

ಅವರು 1930ರ ಕೊನೆಯಲ್ಲಿ ಮಗ ತೊಶಿಯನ್ನು ಕರೆದುಕೊಂಡು ಭಾರತಕ್ಕೂ ಬಂದಿದ್ದರು. ತಾಜ್ ಮಹಲ್, ಕಾಶಿಯ ಘಾಟ್, ಎಲ್ಲೋರ, ಉದಯಪುರ, ಕಾಂಚನಜುಂಗಾ ಎಲ್ಲ ಮರದಚ್ಚಿನಲ್ಲಿ ಇವೆ. ಎಲ್ಲೋರ ನೋಡಿ, ಕತ್ತಲ ಗುಹೆಯೊಳಗೆ ಬೆಳಕು ಬಿದ್ದಿರುವ ರೀತಿ. ಒಮ್ಮೆ ನೋಡಿದರೆ ಹಸುಯಿ ಮರೆತುಹೋಗುತ್ತಾರೆ.

ಹಳೇಕಾಗದ

ಮರೆಯುವುದಿಲ್ಲ ತಾಯಿ. ಯೊಶಿದಾ ಬೆಟ್ಟ ಹತ್ತುವ ಮನುಷ್ಯ, ದೊಡ್ಡದನ್ನು ನೋಡಿದರೆ ಅವರಿಗೆ ಖುಷಿ. ಹಸುಯಿ ಮಳೆಯಲ್ಲಿ ಬಸ್ಸು ತಪ್ಪಿಸಿಕೊಂಡವರ ಚಿತ್ರಕಾರ. ಎರಡೂ ಬೇಕು.

ಈ ಚರ್ಚೆಯಲ್ಲಿ ಒಂದು ಹೆಸರು ಇನ್ನೂ ಬಂದಿಲ್ಲ, ಅದು ಬರಲೇಬೇಕು. ವತನಾಬೆ ಶೋಜಬುರೊ, ಪ್ರಕಾಶಕ. ಫೋಟೋ, ಆಫ್‌ಸೆಟ್ ಮೆಷಿನ್ನಿನ ಅಚ್ಚು ಬಂದು ಮರದಚ್ಚಿನ ಕಸುಬು ಮುಳುಗುತ್ತಿದ್ದಾಗ, ಕೊರೆಯುವ ಕೈಗಳು ಹಸಿವಿನಿಂದ ಬೇರೆ ಕೆಲಸಕ್ಕೆ ಹೋಗುತ್ತಿದ್ದಾಗ, ಇವರು ಹೊಸ ಚಿತ್ರಕಾರರನ್ನು ಹುಡುಕಿ ಆ ಕೈಗಳಿಗೆ ಕೆಲಸ ಕೊಟ್ಟರು. ಕೊಳ್ಳುವವರು ಹೆಚ್ಚಾಗಿ ವಿದೇಶದವರು. ವ್ಯಾಪಾರಿಯೇ, ಸಂತನಲ್ಲ.

1918ರಲ್ಲಿ ಹಸುಯಿ ತಮ್ಮ ಗುರುಬಂಧು ಇತೊ ಶಿನ್ಸುಯಿ ಮಾಡಿದ್ದ ಬಿವಾ ಸರೋವರದ ಎಂಟು ನೋಟಗಳನ್ನು ನೋಡಿದರು. ‘ಇದು ನನ್ನ ದಾರಿ’ ಅನಿಸಿ ಸೀದಾ ವತನಾಬೆ ಹತ್ತಿರ ಹೋದರು. ಅದೇ ವರ್ಷ ಮೊದಲ ಮೂರು ಚಿತ್ರ. ವಿಷಯ ಶಿಯೊಬಾರಾ, ಚಿಕ್ಕಂದಿನಿಂದ ಹೋಗಿಬಂದು ಮಾಡುತ್ತಿದ್ದ ಬಿಸಿನೀರ ಬುಗ್ಗೆಯ ಊರು. ಆಮೇಲೆ ಪೂರ್ತಿ ಜೀವನ ಅಲೆದಾಟ. ಹಗಲು ಪೆನ್ಸಿಲ್ಲಿನಲ್ಲಿ ಗೀಚಿಕೊಂಡು, ರಾತ್ರಿ ತಂಗಿದ ಛತ್ರದಂಥ ಜಾಗದಲ್ಲಿ ಕೂತು ಬಣ್ಣ ಹಾಕುವುದು. ಕಣ್ಣು ಬೇರೆ ಮಂದ, ದಪ್ಪ ಗಾಜಿನ ಕನ್ನಡಕ.

ಮಲೆನಾಡ_ಮಳೆ

ನನಗೆ ಈ ವಾದ ಎಲ್ಲ ಅರ್ಥವಾಗುವುದಿಲ್ಲ. ಆದರೆ ನೀವು ಹೇಳಿದ ಮೇಲೆ ಅವರ ಚಿತ್ರಗಳನ್ನು ಹುಡುಕಿ ನಿನ್ನೆ ರಾತ್ರಿ ಎರಡು ಗಂಟೆವರೆಗೆ ನೋಡಿದೆ. ತೀರ್ಥಹಳ್ಳಿ ಕಡೆಯವಳು ನಾನು. ಮಳೆ ಬಿಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಬೀಳುವ ಮಳೆ ಬಿಡಿಸುತ್ತಾರೆ. ಇವರು ಬಿದ್ದು ನಿಂತ ಮೇಲೆ ನೆಲ ಹೇಗೆ ಹೊಳೆಯುತ್ತದೆ, ಕೊಚ್ಚೆಯಲ್ಲಿ ದೀಪ ಹೇಗೆ ಅಲ್ಲಾಡುತ್ತದೆ ಅದನ್ನು ಹಿಡಿದಿದ್ದಾರೆ. ಕೊಡೆ ಹಿಡಿದು ಒಬ್ಬರೇ ಹೋಗುತ್ತಿರುತ್ತಾರೆ. ಮುಖ ಕಾಣುವುದಿಲ್ಲ. ನಮ್ಮ ಊರಿನ ಕೆಸರು ದಾರಿಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುವವರ ಹಾಗೆ, ಹಿಂದಿನಿಂದ ನೋಡಿ ಯಾರು ಅಂತ ಊಹಿಸಬೇಕು.

1919ರ ‘ಶಿಂಕಾವಾದ ರಾತ್ರಿ’ ಅಂತ ಒಂದಿದೆ. ಎರಡು ಕತ್ತಲ ಗೋದಾಮು, ನಡುವಿನ ಸಂದಿಯಿಂದ ಬೆಳಕು. ಅಷ್ಟೇ ಚಿತ್ರ. ಎಷ್ಟು ಹೊತ್ತು ನೋಡಿದೆನೋ.

ತಾಮಾಗಾವ_ದಂಡೆ

ಅದು ಭೂಕಂಪಕ್ಕೆ ಮೊದಲಿನದು. ಆ ಕಥೆ ಹೇಳಲೇಬೇಕು.

1923ರ ಸೆಪ್ಟೆಂಬರ್ 1, ಮಧ್ಯಾಹ್ನದ ಹತ್ತಿರ. ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿದ್ದ ಹೊತ್ತಿಗೆ ಭೂಮಿ ನಡುಗಿತು. ಬೆಂಕಿ ಹತ್ತಿಕೊಂಡು ಟೋಕಿಯೊ, ಯೊಕೊಹಾಮಾ ಸುಟ್ಟುಹೋದವು. ಒಂದು ಲಕ್ಷಕ್ಕೂ ಹೆಚ್ಚು ಜನ ಹೋದರು. ವತನಾಬೆಯ ಅಂಗಡಿ, ಅಲ್ಲಿದ್ದ ಹಲಗೆಗಳು, ಮಾರಾಟಕ್ಕಿದ್ದ ಪ್ರತಿಗಳು ಎಲ್ಲ ಬೂದಿ. ಹಸುಯಿ ಮನೆಯೂ ಸುಟ್ಟಿತು. ಅದರ ಜೊತೆ 188 ಸ್ಕೆಚ್ ಪುಸ್ತಕ. ಊರೂರು ಅಲೆದು ಕೂಡಿಸಿದ್ದೆಲ್ಲ.

ಮನುಷ್ಯ ಕುಸಿದುಹೋದರಂತೆ. ಆಗ ವತನಾಬೆ, ತನ್ನದೂ ಎಲ್ಲ ಸುಟ್ಟಿದ್ದರೂ, ಇವರನ್ನು ಪ್ರವಾಸಕ್ಕೆ ಹುರಿದುಂಬಿಸಿ ಕಳಿಸಿದರು. ಹೊಕುರಿಕು, ಸಾನ್-ಇನ್, ಸಾನ್ಯೊ ಅಂತ ಪಶ್ಚಿಮ ಜಪಾನ್ ಸುತ್ತಾಡಿ 102 ದಿನ ಬಿಟ್ಟು ಬಂದರು. ಅವರ ಜೀವನದ ಅತಿ ಉದ್ದದ ಪ್ರಯಾಣ ಅದು.

ಬಂದ ಮೇಲೆ 1925ರಲ್ಲಿ ‘ಶಿಬಾದ ಜೊಜೊಜಿ’. ಹುಟ್ಟಿದ ಬಡಾವಣೆಯ ದೇವಸ್ಥಾನ. ಕೆಂಪು ಹೆಬ್ಬಾಗಿಲು, ಓರೆಯಾಗಿ ಬೀಸುವ ಹಿಮ, ಕೊಡೆ ಬಾಗಿಸಿಕೊಂಡು ನಡೆಯುವ ಒಬ್ಬ ಹೆಂಗಸು. ಸುಮಾರು 3000 ಪ್ರತಿ ಹೋಯಿತಂತೆ, ಅವರ ಚಿತ್ರಗಳಲ್ಲೇ ಅತಿ ಹೆಚ್ಚು. ನಾನು ನೋಡಿದ ಮಾಗೊಮೆ ಚಂದ್ರ ಸುಮಾರು 2000.

ನಿನ್ನೆ ಆಫೀಸು ಮುಗಿಸಿ ಜೊಜೊಜಿಗೆ ಹೋಗಿದ್ದೆ. ಬಾಗಿಲು 1622ರದ್ದು, ಯುದ್ಧದ ಬಾಂಬಿಗೂ ಬಗ್ಗದೆ ಹಾಗೇ ನಿಂತಿದೆ. ಹಿಂದೆ ಟೋಕಿಯೊ ಟವರ್ ಬಂದಿದೆ. ಹಿಮ ಇರಲಿಲ್ಲ, ಸೆಲ್ಫಿಯವರು ಇದ್ದರು.

ಒಗ್ಗರಣೆ_ಡಬ್ಬಿ

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹಸುಯಿ ಚಿತ್ರಗಳನ್ನು ಕೊಳ್ಳುತ್ತಿದ್ದರು ಅಂತ ಈಗಷ್ಟೇ ನೋಡಿದೆ. ಹಾಗಾದರೆ ನಮ್ಮ ಬಜೆಟ್ಟಿಗೆ ಆಗುವ ಮಾತಲ್ಲ ಬಿಡಿ.

ಹಳೇಕಾಗದ

ಅಷ್ಟೇನೂ ಹೆದರಬೇಡಿ. ಭೂಕಂಪಕ್ಕೆ ಮೊದಲಿನ ಪ್ರತಿಗಳು ಕೈಗೆ ಎಟಕುವುದಿಲ್ಲ, ಸುಟ್ಟು ಉಳಿದದ್ದೇ ಕಡಿಮೆ. ಆದರೆ ಹಲಗೆ ಉಳಿದ ಚಿತ್ರಗಳನ್ನು ಅವರ ಕಾಲದ ನಂತರವೂ ಒತ್ತಿದ್ದಾರೆ, ಅವು ಅಗ್ಗ. ಅವರು ಬದುಕಿದ್ದಾಗ, ಯುದ್ಧ ಮುಗಿದ ಮೇಲೆ ಬಂದ ಪ್ರತಿಗಳಲ್ಲಿ ವತನಾಬೆಯ ಪುಟ್ಟ ದುಂಡು ಮುದ್ರೆ ಇರುತ್ತದೆ, ಅಗಲ ಸುಮಾರು 6 ಮಿಲಿಮೀಟರ್.

ಕೊಳ್ಳುವ ಆಸೆ ಇದ್ದರೆ ನನ್ನ ದಡ್ಡತನ ಕೇಳಿ. ಆರು ವರ್ಷದ ಹಿಂದೆ ಆನ್‌ಲೈನಿನಲ್ಲಿ ‘ಮೂಲ ಮರದಚ್ಚು’ ಅಂತ ಬರೆದದ್ದನ್ನು ನಂಬಿ ಒಂದು ತಿಂಗಳ ಬಾಡಿಗೆಯಷ್ಟು ಸುರಿದೆ. ಬಂತು. ಭೂತಗನ್ನಡಿ ಇಟ್ಟು ನೋಡಿದರೆ ಆಕಾಶದ ತುಂಬ ಚುಕ್ಕಿ ಚುಕ್ಕಿ! ಆಫ್‌ಸೆಟ್. ಕ್ಯಾಲೆಂಡರಿನ ಹಾಳೆ ಕತ್ತರಿಸಿ ಚೌಕಟ್ಟು ಹಾಕಿದ್ದರು. ಪಡಿಯಚ್ಚು ಅವರು ನಗುತ್ತಿರಬೇಕು.

ಪಡಿಯಚ್ಚು

ನಗಲಿಲ್ಲ. ಸ್ವಲ್ಪ ನಕ್ಕೆ. ಮುಂದಿನ ಸಲ ಮುಂಬದಿ ಅಲ್ಲ, ಹಿಂಬದಿ ನೋಡಿ. ಕೈಯಲ್ಲಿ ಉಜ್ಜಿದ್ದಾದರೆ ಬಣ್ಣ ಕಾಗದದ ಒಳಗೆ ಇಳಿದಿರುತ್ತದೆ, ಬೆನ್ನಿನಲ್ಲಿ ಕಾಣುತ್ತದೆ. ಬಾರೆನ್ ಸುತ್ತಿದ ಗುರುತೂ ಇರುತ್ತದೆ.

ಕುಂಚದಹುಡುಗಿ

ಮಾತು ಬೇರೆ ಕಡೆ ಹೋಯಿತು. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಪಡಿಯಚ್ಚು

ಕೊಡುತ್ತೇನೆ ಮಗಳೇ, ಅರ್ಧ ನಿಮ್ಮ ಪರ, ಅರ್ಧ ವಿರೋಧ.

ನಿಮ್ಮ ಪರ ಏನೆಂದರೆ, ಆ ಸಂಜೆ ಆಕಾಶ ಇದೆಯಲ್ಲ, ಮೇಲೆ ಕಡುನೀಲಿ, ಕೆಳಗೆ ಬರುಬರುತ್ತ ಬಿಳಿ, ಅದು ಹಲಗೆಯಲ್ಲಿ ಇಲ್ಲವೇ ಇಲ್ಲ. ಹಲಗೆ ಆ ಜಾಗದಲ್ಲಿ ಸಪಾಟು. ಒತ್ತುವವನು ಬ್ರಷ್ಷಿನ ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ನೀರು ಹಿಡಿದು ಹಲಗೆ ಮೇಲೆ ಎಳೆಯುತ್ತಾನೆ. ಬೊಕಾಶಿ ಅಂತಾರೆ. ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ಹಿಂದಿನ ಹಾಳೆಯದು ಮುಂದಿನದಕ್ಕೆ ಸಿಗುವುದಿಲ್ಲ. ಅಂದರೆ 2000 ಮಾಗೊಮೆ ಚಂದ್ರ ಇದ್ದರೆ 2000 ಸಲ ಯಾರೋ ಸಂಜೆ ಮಾಡಿದ್ದಾನೆ. ವತನಾಬೆ ಹಾಳೆಗಳಲ್ಲಿ ಅವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ದೋಯಿ ಅನ್ನುವ ಇನ್ನೊಬ್ಬ ಪ್ರಕಾಶಕ ಹಸುಯಿ ಚಿತ್ರಗಳನ್ನು ಮಾಡಿಸಿದಾಗ ಅಂಚಿನಲ್ಲಿ ಕೊರೆದವನ, ಒತ್ತಿದವನ ಹೆಸರನ್ನೂ ಹಾಕಿದ್ದಾರೆ. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ನನ್ನ ಹೆಸರು 31 ವರ್ಷದಲ್ಲಿ ಒಂದು ಆಮಂತ್ರಣದಲ್ಲೂ ಬಂದಿಲ್ಲ, ನನ್ನ ಮದುವೆಯದು ಬಿಟ್ಟು.

ವಿರೋಧ ಏನೆಂದರೆ, ಹಿಮ ನೋಡಿ. ಜೊಜೊಜಿಯ ನೆಲದ ಮೇಲೆ, ಪೈನ್ ಕೊಂಬೆಯ ಮೇಲೆ ಇರುವ ಬಿಳಿ ಬಣ್ಣವಲ್ಲ. ಕಾಗದವೇ ಅದು. ಅಲ್ಲಿಗೆ ಯಾರೂ ಏನೂ ಒತ್ತಬಾರದು ಅಂತ ಮೊದಲೇ ಯೋಚಿಸಿ ಬಿಟ್ಟವರು ಹಸುಯಿ. ಒಂದೊಂದು ಹಲಗೆಯೂ ಎಲ್ಲಿ ನಿಲ್ಲಬೇಕು ಅಂತ ತಲೆಯಲ್ಲಿ ಇಟ್ಟುಕೊಂಡು ಬಿಡಿಸಬೇಕು. ಬರೀ ಜಲವರ್ಣದವನಿಗೆ ಅದು ಬರುವುದಿಲ್ಲ. ಒತ್ತುವವನ ಪಕ್ಕ ಕೂತು ಪ್ರಯೋಗದ ಪ್ರತಿ ನೋಡಿ ‘ಇಲ್ಲಿ ಇನ್ನೂ ಕಡು, ಅಲ್ಲಿ ತಿಳಿ’ ಅಂತ ಹೇಳುವುದಕ್ಕೂ ಕೈಕೆಲಸ ಗೊತ್ತಿರಬೇಕು. ಉಳಿ ಹಿಡಿಯದಿದ್ದರೂ ಮರ ಅವರಿಗೆ ಗೊತ್ತಿತ್ತು.

ಹಳೇಕಾಗದ

ನಮ್ಮ ಕಡೆಯದೇ ಉದಾಹರಣೆ ಬೇಕಾ? ಅಜ್ಜಿಮನೆ ದೇವರ ಕೋಣೆಯ ರವಿವರ್ಮನ ಲಕ್ಷ್ಮಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇರುವುದು ಅವರೇ ಬಣ್ಣ ಹಚ್ಚಿದ ಚಿತ್ರಗಳು. ಆದರೆ ಮನೆಮನೆಗೆ ಬಂದದ್ದು 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಪ್ರೆಸ್ಸಿನ ಕಲ್ಲಚ್ಚಿನ ಪ್ರತಿ. ಕಲ್ಲಿನ ಮೇಲೆ ಬಣ್ಣ ಬಿಡಿಸಿ ಇಟ್ಟವರು ಬೇರೆಯೇ ಕೈಗಳು. ಆಮೇಲೆ ಪ್ರೆಸ್ಸೇ ಶ್ಲೈಷರ್ ಅನ್ನುವ ಜರ್ಮನಿಯವರ ಕೈಗೆ ಹೋಯಿತು. ಆದರೂ ನಾವು ‘ರವಿವರ್ಮನ ಲಕ್ಷ್ಮಿ’ ಅಂತಲೇ ಕೈ ಮುಗಿದೆವು.

ಕುಂಚದಹುಡುಗಿ

ಹಿಮದ ವಿಷಯ ನಾನು ಯೋಚಿಸಿರಲಿಲ್ಲ ಸರ್. ಜಲವರ್ಣದವನು ಅಂದಿದ್ದನ್ನು ವಾಪಸ್ ತಗೋತೀನಿ. ಉಳಿದದ್ದನ್ನು ತಗೊಳ್ಳಲ್ಲ. ಒತ್ತಿದವನ ಹೆಸರು ಹಾಳೆಯಲ್ಲಿ ಇರಲೇಬೇಕಿತ್ತು.

ಪಡಿಯಚ್ಚು

ಅದಕ್ಕೆ ನನ್ನದೂ ಸಹಿ.

ಮಲೆನಾಡ_ಮಳೆ

ಕೊನೆಗಾಲ ಹೇಗಿತ್ತು ಅವರದು?

ತಾಮಾಗಾವ_ದಂಡೆ

ಯುದ್ಧದ ಸಮಯದಲ್ಲಿ ಟೋಕಿಯೊ ಬಿಟ್ಟು ಶಿಯೊಬಾರಾಕ್ಕೆ ಹೋದರು. ಮೊದಲ ಮೂರು ಚಿತ್ರದ ಅದೇ ಊರು. ಯುದ್ಧ ಮುಗಿದ ಮೇಲೆ ವಾಪಸ್ ನಮ್ಮ ವಾರ್ಡಿಗೆ. 1952ರಲ್ಲಿ ಸರ್ಕಾರದ ಸಾಂಸ್ಕೃತಿಕ ಆಸ್ತಿ ರಕ್ಷಣೆಯ ಸಮಿತಿ ಈ ಕಸುಬಿನ ಪ್ರತಿ ಹಂತವನ್ನೂ ದಾಖಲೆ ಮಾಡಿ ಇಡಬೇಕು ಅಂತ ತೀರ್ಮಾನಿಸಿ ಶಿನ್ಸುಯಿಯನ್ನೂ ಹಸುಯಿಯನ್ನೂ ಆರಿಸಿತು. ಹಸುಯಿ ಮಾಡಿಕೊಟ್ಟದ್ದು ಮತ್ತೆ ಜೊಜೊಜಿಯ ಹಿಮವನ್ನೇ. 1953, 42 ಸಲ ಒತ್ತಿದ್ದು. ಈ ಸಲ ಒಂಟಿ ಹೆಂಗಸಿಲ್ಲ. ಟ್ರಾಮಿಗೆ ಕಾಯುವ ಜನ ಕೊಡೆ ಹಿಡಿದು ನಿಂತಿದ್ದಾರೆ.

ಕೊನೆಯ ಚಿತ್ರ ಹಿರಾಯಿಝುಮಿಯ ಚಿನ್ನದ ಮಂಟಪ, 1124ರಲ್ಲಿ ಕಟ್ಟಿದ್ದು. ಚಿನ್ನ ಏನೂ ಕಾಣುವುದಿಲ್ಲ ಚಿತ್ರದಲ್ಲಿ. ಹಿಮ, ಮರ, ಮೆಟ್ಟಿಲು. ಬೆನ್ನು ಹಾಕಿ ಹೋಗುತ್ತಿರುವ ಒಬ್ಬ ಸನ್ಯಾಸಿ. ಅದು ಅಚ್ಚಾಗಿ ಬರುವ ಮೊದಲೇ, 1957ರ ನವೆಂಬರಿನಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಉಳಿದದ್ದನ್ನು ಕೊರೆಯುವವರು, ಒತ್ತುವವರು ಮುಗಿಸಿದರು. ನೂರನೇ ದಿನದ ಕಾರ್ಯದಲ್ಲಿ ಆ ಹಾಳೆಯನ್ನೇ ಆಪ್ತರಿಗೆ ಹಂಚಿದರಂತೆ.

ಮಲೆನಾಡ_ಮಳೆ

ಅಯ್ಯೋ.

ತಾಮಾಗಾವ_ದಂಡೆ (ಎಂಟು ದಿನದ ನಂತರ)

ಪಡಿಯಚ್ಚು ಸರ್, ನಿಮ್ಮ ಮಾತು ತಲೆಯಲ್ಲಿ ಕೂತಿತ್ತು. ನಿನ್ನೆ ಜಿಂಬೊಚೊದ ಹಳೇ ಪುಸ್ತಕದ ಬೀದಿಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಹಸುಯಿ ಹಾಳೆಗಳು ಇದ್ದವು. ಕೊಳ್ಳುವ ಮುಖ ನನ್ನದಲ್ಲ ಅಂತ ಅಂಗಡಿಯಜ್ಜನಿಗೆ ಗೊತ್ತಾಗಿರಬೇಕು. ಆದರೂ ನನ್ನ ಹರಕು ಜಪಾನಿಯಲ್ಲಿ ‘ಹಿಂಬದಿ ನೋಡಬಹುದಾ’ ಅಂತ ಕೇಳಿದೆ. ಅಜ್ಜ ಒಂದು ಕ್ಷಣ ನನ್ನನ್ನೇ ನೋಡಿ, ಕೈ ಒರೆಸಿಕೊಂಡು, ಎರಡೂ ಕೈಯಿಂದ ಹಾಳೆ ಮಗುಚಿ ಕಿಟಕಿ ಬೆಳಕಿಗೆ ಹಿಡಿದರು.

ಮಳೆಯ ಚಿತ್ರ ಅದು. ಹಿಂಬದಿಯಲ್ಲಿ ಮಸುಕಾದ ನೀಲಿ, ಎಡ ಬಲ ಅದಲುಬದಲಾದ ಸೇತುವೆ. ಅದರ ಮೇಲೆಲ್ಲ ಉಂಗುರ ಉಂಗುರ ಉಜ್ಜಿದ ಗುರುತು. ನೂರಾರು. ಒಂದು ಮೂಲೆಯಲ್ಲಿ ನೀಲಿ ಬಣ್ಣದ ಅರ್ಧ ಬೆರಳಚ್ಚು.

ಪಡಿಯಚ್ಚು

ಫೋಟೋ ಹಾಕಿ ಮಾರಾಯರೇ!

ತಾಮಾಗಾವ_ದಂಡೆ

ಅಜ್ಜ ಬೇಡ ಅಂದರು ಸರ್. ಆದರೆ ಇನ್ನೊಂದು ಸಲ ಮಗುಚಿ ತೋರಿಸಿದರು.